ಬಾವಿಯೊಳಗಿನ ಎಂಜಿನ್ ಹೊಗೆ

ಎಪ್ಪತ್ತರ ದಶಕದಲ್ಲಿ ನಾನು ತಿಪಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ದಬ್ಬೇಘಟ್ಟದ ಗೌರಮ್ಮನವರ ತೋಟದ ಬಾವಿಗೆ ಇಳಿದೆ. ನೀರು ಆಳಕ್ಕೆ ಹೋಗಿದ್ದರಿಂದ ಸೀಮೆಎಣ್ಣೆ ಎಂಜಿನ್ನನ್ನು ಬಾವಿಯೊಳಗಿನ ಕಟ್ಟೆಯ ಮೇಲೇ ಕೂರಿಸಿದ್ದರು. ಹೊಗೆ ಕೊಳವೆ ಸೀಳಿಹೋಗಿತ್ತು. ಸ್ವಲ್ಪ ಹೊತ್ತು ತಾನೇ ಎಂದು ಎಂಜಿನ್ ಓಡಿಸಿಕೊಂಡೇ ಕೆಲಸಕ್ಕೆ ಕುಳಿತೆ.

ತಲೆ ಸಿಡಿಯತೊಡಗಿತು. ಬಿಸಿಲಿಗಿರಬೇಕು ಅಂದುಕೊಂಡೆ. "ಅಮ್ಮಾ, ಚೀಲದಿಂದ ಸ್ಪ್ಯಾನರ್ ಎಸೀರಿ" ಎಂದು ಕೂಗಿದೆ.

"ನಿನ್ ಕೈಲೇ ಐತಲ್ಲಪ್ಪಾ!" ಎಂದರು ಗೌರಮ್ಮ ಮೇಲಿನಿಂದ.

ನೋಡಿದರೆ ಹೌದು, ಇತ್ತು. ಆಮೇಲೆ ಮತ್ತೆರಡು ಸಲ ಅದನ್ನೇ ಕೇಳಿದೆನಂತೆ. ಅವರ ದನಿ ಬದಲಾಯಿತು. "ಮೇಲಕ್ ಬಾ ಮೇಸ್ತ್ರಿ, ಬೇಗ ಬಾ."

"ನಂಗೇನೂ ಆಗಿಲ್ಲ, ಸುಮ್ನಿರಮ್ಮ!" ಎಂದು ಗದರಿದೆ. ಅವರಿಗೆ ಎಂದೂ ಎದುರಾಡದವನು ನಾನು. ಎಷ್ಟು ಬೇಡಿಕೊಂಡರೂ ಕೂತಲ್ಲಿಂದ ಏಳಲಿಲ್ಲ. ಆಗ ಅವರು ಇದ್ದಕ್ಕಿದ್ದಂತೆ ಬೈಯತೊಡಗಿದರು.

"ಲೇ, ನಿಂಗೆ ಕೆಲ್ಸಾನೇ ಬರಾಕಿಲ್ಲ ಕಣ್ಲಾ! ಧೈರ್ಯ ಇದ್ರೆ ಎದುರಿಗೆ ಬಂದು ಮಾತಾಡು!"

ನನಗೆ ರೋಷ ಉಕ್ಕಿತು. ಜಗಳಕ್ಕೆಂದೇ ಕಲ್ಲಿನ ಮೆಟ್ಟಿಲು ಹತ್ತಿದೆ. ಮೇಲೆ ಬಂದವನೇ ಅವರ ಮುಂದೆ ಕುಸಿದು ವಾಂತಿ ಮಾಡಿಕೊಂಡೆ.

"ಆ ಹೊಗೆಯಲ್ಲಿರೋ ವಿಷಾನಿಲ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತೆ" ಎಂದರು ತುರುವೇಕೆರೆಯ ಡಾಕ್ಟರು. "ಮಿದುಳು ಉಸಿರಿಲ್ಲದೆ ಒದ್ದಾಡುತ್ತೆ. ವಿವೇಚನೆ ಹೋಗುತ್ತೆ, ಹೋಗಿದ್ದು ನಿಮಗೇ ಗೊತ್ತಾಗೋದಿಲ್ಲ."

ಮರುವಾರ ಗೌರಮ್ಮನವರಲ್ಲಿ ಕ್ಷಮೆ ಕೇಳಲು ಹೋದೆ. ಅವರು ನಕ್ಕುಬಿಟ್ಟರು.

"ಬುಡಪ್ಪ. ನಮ್ ಯಜಮಾನ್ರನ್ನ ಮೂವತ್ತು ವರ್ಷದಿಂದ ನೋಡ್ತಿದೀನಿ. ಬುದ್ಧಿ ಹೋದ್ರೂ ಸಿಟ್ಟು ಉಳ್ಕೊಂಡಿರ್ತದೆ ಅಂತ ನಂಗೊತ್ತಿತ್ತು."