ನೋಡಿ ರುಜು ಹಾಕಿ

“ನಮ್ಮನೆ ಅಸೂಗೆ ಮೊನ್ನೆ ಸರ್ಟಿಫಿಕೇಟ್ ಬರ್ಕೊಟ್ರಲ್ಲ ಡಾಕ್ಟ್ರೇ, ನಂಗೂ ಒಂದು ಕೊಡಿ. ನಾನು ಬದುಕಿವ್ನಿ ಅಂತ.”

ಎಂಬತ್ತರ ದಶಕದಲ್ಲಿ, ಯಲಹಂಕದ ಪಶು ಆಸ್ಪತ್ರೆಯಲ್ಲಿ ಎಮ್ಮೆ ಕರುಗಳ ಸಾಲಿನಲ್ಲಿ ನಿಂತು ಬಂದು ಹೀಗೆ ಕೇಳಿದವರು ರೂತಮ್ಮ. ಜರ್ಮನಿಯಿಂದ ನರ್ಸಾಗಿ ಬಂದು, ನಿವೃತ್ತಿಯಾದ ಮೇಲೂ ಹಸು ಸಾಕಿಕೊಂಡು ಇಲ್ಲೇ ಉಳಿದವರು. ಕನ್ನಡ ಕಲಿತದ್ದು ಹಳ್ಳಿಯ ಬಾಣಂತಿಯರಿಂದ. ಅವರು ಬದುಕಿದ್ದಾರೆಂದು ವರ್ಷಕ್ಕೊಮ್ಮೆ ಗೆಜೆಟೆಡ್ ಅಧಿಕಾರಿಯೊಬ್ಬರು ಬರೆದುಕೊಡದಿದ್ದರೆ ಜರ್ಮನಿಯಿಂದ ಬರುವ ಪಿಂಚಣಿ ನಿಲ್ಲುತ್ತಿತ್ತು. ಪಿಂಚಣಿ ನಿಂತರೆ ಇಲ್ಲಿ ವೀಸಾ ಮುಂದುವರಿಯುವುದೂ ಕಷ್ಟ. ಅವರಿಗೆ ಪರಿಚಯವಿದ್ದ ಗೆಜೆಟೆಡ್ ಅಧಿಕಾರಿಯೆಂದರೆ ದನದ ಡಾಕ್ಟರಾದ ನಾನೊಬ್ಬನೇ.

ರುಜು ಹಾಕಿ, ಪಶು ಆಸ್ಪತ್ರೆಯ ಮೊಹರನ್ನೇ ಒತ್ತಿದೆ. ಅವರ ಊದಿದ ಮೊಣಕಾಲು ನೋಡಿ, “ಮುಂದಿನ ವರ್ಷ ನೀವ್ ಬರೋದ್ ಬೇಡಮ್ಮ, ಫಾರಂ ಕಳಿಸಿ ಸಾಕು” ಎಂದೆ.

ರೂತಮ್ಮನಿಗೆ ಸಿಟ್ಟು ಬಂತು. “ಅಸೂನ ನೋಡ್ದೆ ಬರ್ಕೊಡ್ತೀರಾ? ನನ್ನೂ ನೋಡೇ ರುಜು ಆಕಿ. ನಾನೇ ನಡ್ಕೊಂಡ್ ಬತ್ತೀನಿ.”

ನನಗೆ ವರ್ಗವಾಗುವವರೆಗೂ ಪ್ರತಿ ವರ್ಷ ನಡೆದೇ ಬಂದರು. ಅಷ್ಟರಲ್ಲಿ ಆ ಹಸು ಸತ್ತುಹೋಗಿತ್ತು. ಇವರು ಮಾತ್ರ ಅದೇ ದನಗಳ ಸಾಲಿನಲ್ಲಿ ನಿಲ್ಲುತ್ತಿದ್ದರು.

ಈಗ ನಾನೂ ಪಿಂಚಣಿದಾರ. “ನೀವ್ಯಾಕ್ ಬರ್ತೀರಾ ಸರ್, ಫಾರಂ ಕಳಿಸಿ ಸಾಕು” ಅನ್ನುತ್ತಾರೆ ಪರಿಚಯದ ಬ್ಯಾಂಕ್ ಮ್ಯಾನೇಜರ್. ನಾನು ಕೋಲೂರಿಕೊಂಡು ಹೋಗಿ ಅವರ ಮೇಜಿನ ಮುಂದೆ ನಿಲ್ಲುತ್ತೇನೆ. ಮೊದಲು ತಲೆಯೆತ್ತಿ ನನ್ನ ಮುಖ ನೋಡಲಿ. ರುಜು ಆಮೇಲೆ.