ಉಮ್ಮ್ ಎಂದರೆ ತಾಯಿ

ಅರವತ್ತರ ದಶಕದ ಮೊದಲಲ್ಲಿ ನಾನು ಕೀಲ್ಪಾಕಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದು ಹೋಟೆಲ್ ಇಟ್ಟಿದ್ದ ಅಪ್ಪನಿಗೆ ನನ್ನ ಕೆಲಸ ಇಷ್ಟವಿರಲಿಲ್ಲ. ಅಮ್ಮ ಮಾತ್ರ ಮಧ್ಯಾಹ್ನದ ಊಟ ತಾನೇ ತಂದುಕೊಡುತ್ತಿದ್ದಳು.

ಒಮ್ಮೆ ಹಡಗಿನಲ್ಲಿ ಬಂದಿದ್ದ ಅರಬ್ ವ್ಯಾಪಾರಿಯೊಬ್ಬರಿಗೆ ವಿಪರೀತ ಹೊಟ್ಟೆನೋವು ಬಂದು ನಮ್ಮಲ್ಲಿ ಆಪರೇಷನ್ ಆಯಿತು. ಜೊತೆಗಿದ್ದ ಹೆಂಡತಿಗೆ ಅರಬ್ಬಿ ಬಿಟ್ಟರೆ ಬೇರೆ ಭಾಷೆ ಬಾರದು. ಗಂಡನ ಹೆಸರಿನ ಕೊನೆಯ ಪದಕ್ಕೆ 'ಮಿಸೆಸ್' ಸೇರಿಸಿ ನಾವು ಆಕೆಯನ್ನು ಕರೆಯುತ್ತಿದ್ದೆವು. ಆಕೆ ತಿರುಗಿಯೂ ನೋಡುತ್ತಿರಲಿಲ್ಲ. ಕಿವಿ ಮಂದವೇನೋ ಅಂದುಕೊಂಡೆ.

ಪಕ್ಕದ ಹಾಸಿಗೆಯಲ್ಲಿದ್ದ ತಮ್ಮನನ್ನು ನೋಡಲು ರಾಯಪುರಂನಿಂದ ಬರುತ್ತಿದ್ದ, ಅರಬ್ಬಿ ಕಲಿಸುವ ಮೇಷ್ಟರು ಇದನ್ನು ಕೇಳಿ ನಕ್ಕರು. "ಅದು ಅವಂಗ ಪೇರೇ ಇಲ್ಲಮ್ಮಾ", ಅದು ಆಕೆಯ ಹೆಸರೇ ಅಲ್ಲ ಎಂದು ತಮಿಳಿನಲ್ಲೇ ಬಿಡಿಸಿ ಹೇಳಿದರು. ಆ ಕೊನೆಯ ಪದ ಊರಿನ ಹೆಸರಂತೆ. ತುದಿಗೆ 'ಈ' ಬಂದರೆ ಆ ಊರಿನ ಗಂಡಸು. ಹೆಂಗಸಾದರೆ 'ಈಯ' ಆಗಬೇಕು. ಅದೂ ಅಲ್ಲದೆ ಅವರಲ್ಲಿ ಮದುವೆಯಾದ ಹೆಣ್ಣು ಗಂಡನ ಮನೆತನದ ಹೆಸರು ಹಚ್ಚಿಕೊಳ್ಳುವುದಿಲ್ಲ. ಕೊನೆತನಕ ತಂದೆಯ ಮಗಳೇ, 'ಬಿಂತ್'. ಮೇಷ್ಟರು ಆಕೆಯನ್ನು ಏನೋ ವಿಚಾರಿಸಿ ನನ್ನ ಕಡೆ ತಿರುಗಿದರು. "ಉಮ್ಮ್ ಅಂದರೆ ತಾಯಿ. ಅದರ ಮುಂದೆ ಹಿರಿಮಗನ ಹೆಸರು ಸೇರಿಸಿ ಕರೆಯಿರಿ. ಅದೇ ಮರ್ಯಾದೆ."

ಅವರು ಹೇಳಿಕೊಟ್ಟ ಮಗನ ಹೆಸರು ಸೇರಿಸಿ ಹಾಗೇ ಕರೆದೆ. ಆಕೆ ಥಟ್ಟನೆ ತಿರುಗಿ ನನ್ನ ಕೈ ಹಿಡಿದುಕೊಂಡರು. ಮಗ ಎಷ್ಟು ದೊಡ್ಡವನು ಎಂದು ಮೇಷ್ಟರ ಮೂಲಕ ಕೇಳಿದೆ. ನಡೆಯಲು ಕಲಿಯುವ ಮೊದಲೇ ತೀರಿಕೊಂಡನಂತೆ. ಆಮೇಲೆ ಬೇರೆ ಮಕ್ಕಳಾದರೂ ಊರವರು ಆಕೆಯನ್ನು ಅವನ ತಾಯಿ ಎಂದೇ ಕರೆಯುತ್ತಾರಂತೆ.

ಅಷ್ಟರಲ್ಲಿ ಊಟ ತಂದು ನಿಂತಿದ್ದ ಅಮ್ಮ, "ಎಂತ ಹೇಳ್ತ್ರ್ ಅವ್ರು?" ಎಂದಳು. ಹೇಳಿದೆ. ಅಮ್ಮ ಬೆಂಚಿನ ಮೇಲೆ ಕುಳಿತುಬಿಟ್ಟಳು.

"ನಿಂಗೊಬ್ಬ ಅಣ್ಣ ಇದ್ದಿದ್ದ. ನೀ ಹುಟ್ಟುಕ್ ಮುಂಚೆ. ಹೆಸ್ರ್ ಹೇಳ್ರೆ ನಾ ಅಳ್ತೆ ಅಂದ್ಹೇಳಿ ಮನೇಲ್ ಯಾರೂ ಎತ್ತಲೇ ಇಲ್ಲ."

"ಎಂತ ಹೆಸ್ರಮ್ಮ?"

ಹೇಳಿದಳು. ನಾನು ತಮಿಳಿನಲ್ಲಿ ಹೇಳಿದ್ದನ್ನು ಮೇಷ್ಟರು ಅರಬ್ಬಿಯಲ್ಲಿ ತಿಳಿಸಿದರು. ಆಕೆ ಎದ್ದು ಬಂದು ಅಮ್ಮನ ಪಕ್ಕ ಕುಳಿತರು. ಆ ಕನ್ನಡದ ಹೆಸರನ್ನು ತಡವರಿಸುತ್ತ ಉಚ್ಚರಿಸಿ, 'ಉಮ್ಮ್' ಸೇರಿಸಿ ಅಮ್ಮನನ್ನು ಕರೆದರು. ಅಮ್ಮ ಕಣ್ಣೊರೆಸಿಕೊಂಡು "ಹ್ಞಾಂ" ಎಂದು ಓಗೊಟ್ಟಳು.

ವ್ಯಾಪಾರಿ ಗುಣವಾಗಿ ಗಂಡ ಹೆಂಡಿರು ಊರಿಗೆ ಹೊರಟುಹೋದರು. ಮನೆಯಲ್ಲಿ ಅಮ್ಮ ಊಟಕ್ಕೆ ಬಡಿಸುತ್ತ ಅಣ್ಣನ ಸುದ್ದಿ ತೆಗೆಯತೊಡಗಿದಳು: ಹೇಗೆ ನಗುತ್ತಿದ್ದ, ಎಷ್ಟು ಹಟ ಮಾಡುತ್ತಿದ್ದ. ಮೊದಮೊದಲು ಅಪ್ಪ ಅರ್ಧ ಊಟಕ್ಕೇ ಎದ್ದು ಹೋಗುತ್ತಿದ್ದರು. ಬರುಬರುತ್ತ ಕೈ ಒಣಗುವವರೆಗೂ ಕುಳಿತು ಕೇಳುತ್ತಿದ್ದರು.