ಮದುವೆ ದೀಪದ ಬಿಸಿಲು

ನನ್ನ ಜೀವನದಲ್ಲಿ ನಾನು ಮನಸಾರೆ ದ್ವೇಷಿಸಿದ ಸಂಖ್ಯೆ ಒಂದೇ: ನೂರಿಪ್ಪತ್ತು. ಅದರ ಮೇಲೆ ನನಗೆ ಹಗೆ ಹುಟ್ಟಿಸಿದವನು ಕಾರ್ಕಳದ ಒಬ್ಬ ಸೋಲಾರ್ ಅಂಗಡಿಯವ. ಮೊದಲು ಅವನು ಮದುವೆ ವಿಡಿಯೋ ತೆಗೆಯುತ್ತಿದ್ದ. ಮದುಮಗಳ ಮುಖಕ್ಕೆ ಹ್ಯಾಲೊಜನ್ ದೀಪ ಹಿಡಿದು ಅವಳ ಬೆವರನ್ನು ಶಾಶ್ವತಗೊಳಿಸಿದ ಕೀರ್ತಿ ಅವನದು. ಆ ದಂಧೆ ಮುಗಿದ ಮೇಲೆ ದೀಪಗಳನ್ನೂ, ಬೆಳಕು ಅಳೆಯುವ ಲಕ್ಸ್ ಮೀಟರನ್ನೂ ಸೂರ್ಯನ ಸೇವೆಗೆ ಸಮರ್ಪಿಸಿದ.

ಕಾಪುವಿನಲ್ಲಿ ನನ್ನ ಅಕ್ಕ ಬಟ್ಟೆ ಹೊಲಿಯುತ್ತಾಳೆ. ಕರೆಂಟು ಹೋದಾಗ ಹೊಲಿಗೆ ಯಂತ್ರದ ಮೇಲಿನ ದೀಪ ಉರಿಯಲಿ ಎಂದು ಇವನಿಂದಲೇ ಒಂದು ಪ್ಯಾನೆಲ್ ಹಾಕಿಸಿದ್ದಳು. ಏಪ್ರಿಲ್‌ನ ಉರಿಬಿಸಿಲಿನಲ್ಲೇ ಅದು ಸುಸ್ತಾಯಿತು. ಪಕ್ಕದ ಮನೆಯ ಅದೇ ಜಾತಿಯ ಪ್ಯಾನೆಲ್ ಕೊಡುವುದರ ಅರ್ಧವೂ ಇದರಿಂದ ಬರುತ್ತಿರಲಿಲ್ಲ. ಬದಲಾಯಿಸಿ ಕೊಡುವ ಗ್ಯಾರಂಟಿ ಆಟಿ ತಿಂಗಳಿಗೆ, ಅಂದರೆ ಮಳೆಗಾಲದ ನಡುವೆಯೇ, ಮುಗಿಯುವುದಿತ್ತು. ಬಿಸಿಲಿದ್ದಾಗ ಅಂಗಡಿಯವನಿಗೆ ಅದನ್ನು ಪರೀಕ್ಷಿಸಲು ಪುರುಸೊತ್ತಿರಲಿಲ್ಲ, ಪುರುಸೊತ್ತಾದಾಗ ಬಿಸಿಲಿರಲಿಲ್ಲ.

"ಮಣಿಪಾಲದಲ್ಲಿ ಅಷ್ಟು ವರ್ಷ ಫಿಸಿಕ್ಸ್ ಕಲಿಸಿದ್ದೀಯಲ್ಲ, ಒಮ್ಮೆಯಾದರೂ ಉಪಯೋಗಕ್ಕೆ ಬಾ" ಎಂದಳು ಅಕ್ಕ. ಪ್ಯಾನೆಲನ್ನು ಟೆಂಪೋದಲ್ಲಿ ಮಲಗಿಸಿ, ಟಾರ್ಪಾಲು ಹೊದೆಸಿ, ರೋಗಿಯನ್ನು ಒಯ್ದ ಹಾಗೆ ಸುರಿಮಳೆಯಲ್ಲಿ ಕಾರ್ಕಳಕ್ಕೆ ಹೋದೆವು.

ಅಂಗಡಿಯವನ ಶೆಡ್ಡಿನಲ್ಲಿ ಹ್ಯಾಲೊಜನ್‌ಗಳು ಹೊತ್ತಿಕೊಂಡವು. ಅವನು ಲಕ್ಸ್ ಮೀಟರನ್ನು ಪ್ಯಾನೆಲಿನ ಮೇಲಿಟ್ಟ. ಬಂದ ಅಂಕಿಯನ್ನು ನೂರಿಪ್ಪತ್ತರಿಂದ ಭಾಗಿಸಿ, ಬಿದ್ದ ಬಿಸಿಲು ಇಷ್ಟು ಎಂದು ತೀರ್ಮಾನಿಸಿದ. ಬಳಿಕ ಪ್ಯಾನೆಲಿನಿಂದ ಬರುವ ಕರೆಂಟನ್ನು ಅಳೆದು, ಪೂರ್ತಿ ಬಿಸಿಲಿದ್ದರೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿದ.

"ನೋಡಿ ಮಾಷ್ಟ್ರೇ, ಲೇಬಲಿನಲ್ಲಿ ಬರೆದದ್ದಕ್ಕಿಂತ ಜಾಸ್ತಿ ಉಂಟು. ಇದಕ್ಕೆಂತ ರೋಗ?"

"ನಿಮ್ಮ ನೂರಿಪ್ಪತ್ತು ಬಿಸಿಲಿನ ಲೆಕ್ಕ. ಮದುವೆ ದೀಪದ್ದಲ್ಲ."

"ಬೆಳಕು ಬೆಳಕೇ ಅಲ್ವಾ?"

ಅಲ್ಲ. ಲಕ್ಸ್ ಮೀಟರ್ ಮನುಷ್ಯನ ಕಣ್ಣಿಗೆ ಕಾಣುವುದನ್ನು ಮಾತ್ರ ಎಣಿಸುತ್ತದೆ. ಹ್ಯಾಲೊಜನ್ ಸುರಿಸುವುದರಲ್ಲಿ ಹೆಚ್ಚಿನದು ಕಣ್ಣಿಗೆ ಕಾಣದ, ಕೆಂಪಿನಾಚೆಯ ಕಿರಣ. ಮೀಟರಿಗೆ ಅದು ಲೆಕ್ಕಕ್ಕಿಲ್ಲ. ಪ್ಯಾನೆಲ್ ಮಾತ್ರ ಅದರಲ್ಲೂ ದೊಡ್ಡ ಪಾಲು ನುಂಗುತ್ತದೆ. ಎಲೆಗೆ ಬಡಿಸಿದ್ದನ್ನಷ್ಟೇ ಎಣಿಸಿ, ಅಡುಗೆಮನೆಯಲ್ಲಿ ತಿಂದದ್ದನ್ನು ಬಿಟ್ಟು, 'ಪಾಪ, ಇಷ್ಟೇ ಉಂಡು ಇಷ್ಟು ದುಡಿದ' ಎಂದು ಹೊಗಳಿದ ಹಾಗಾಯಿತು. ಇದನ್ನೆಲ್ಲ ತರಗತಿಯ ಗಾಂಭೀರ್ಯದಿಂದ ವಿವರಿಸಿದೆ.

"ನಿಮ್ಮ ಕಾಲೇಜಿನಲ್ಲಿ ಹಾಗಿರಬಹುದು" ಎಂದ ಅವನು. "ಇದು ಶೆಡ್ಡು."

ತನ್ನ ಪ್ಯಾನೆಲ್ ಹಿಡಿದು ಬೆಂಚಿನಲ್ಲಿ ಕಾಯುತ್ತಿದ್ದ ಅಜೆಕಾರಿನ ಗಿರಾಕಿಯೊಬ್ಬ ನಕ್ಕ. ಅಕ್ಕ ನಗಲಿಲ್ಲ. ಅಳತೆ ತಪ್ಪಿ ಕತ್ತರಿಸಿದ ರವಿಕೆ ತುಂಡನ್ನು ನೋಡುವಂತೆ ನನ್ನನ್ನು ನೋಡಿದಳು.

ವಿಜ್ಞಾನ ಸೋತಲ್ಲಿ ವ್ಯಾಪಾರವೇ ಗತಿ. ಗೋಡೆಗೆ ಒರಗಿಸಿಟ್ಟಿದ್ದ ಹೊಸ ಪ್ಯಾನೆಲನ್ನು ತೋರಿಸಿದೆ. "ಇದೂ ಅದೇ ಜಾತಿಯದಲ್ವಾ? ಎಷ್ಟು ಕೊಡ್ತದೆ?"

"ಲೇಬಲಿನಲ್ಲಿ ಇದ್ದಷ್ಟು. ಅದಕ್ಕೆ ನಾನು ಗ್ಯಾರಂಟಿ."

"ನಮ್ಮದು ಅದಕ್ಕಿಂತ ಜಾಸ್ತಿ ಕೊಡುವುದಾದರೆ ನೀವೇ ಇಟ್ಟುಕೊಳ್ಳಿ. ನಮಗೆ ಈ ಬಡಪಾಯಿ ಹೊಸದು ಸಾಕು."

ಅಂಗಡಿಯವ ನಮ್ಮ ಪ್ಯಾನೆಲಿನ ಲೇಬಲನ್ನು ಇನ್ನೊಮ್ಮೆ ಓದಿದ.

"ಹಳೆಯದನ್ನು ಇಟ್ಟುಕೊಂಡು ನಾನೆಂತ ಮಾಡುವುದು?" ಎಂದ ಕೊನೆಗೆ.

"ಇಟ್ಕೊಳ್ಳಿ ಮಾರಾಯ್ರೆ, ಜಾಸ್ತಿ ಬರುವುದು ನಿಮಗೇ ಅಲ್ವಾ?" ಎಂದ ಅಜೆಕಾರಿನವ, ನಿಜವಾದ ಕಾಳಜಿಯಿಂದ.

ಅಂಗಡಿಯವ ದೀಪ ಆರಿಸಿದ. "ಹೊಸದನ್ನೇ ತಕೊಂಡು ಹೋಗಿ. ನಿಮ್ಮ ಲೆಕ್ಕ ಒಪ್ಪಿದ್ದಲ್ಲ, ಕಿರಿಕಿರಿ ಬೇಡ ಅಂತ."

"ನಿಮ್ಮ ಒಪ್ಪಿಗೆ ಇಟ್ಟುಕೊಳ್ಳಲು ನಮ್ಮಲ್ಲಿ ಜಾಗವೂ ಇಲ್ಲ" ಎಂದೆ.

ಹೊಸದನ್ನು ಟೆಂಪೋಗೆ ಏರಿಸುವಾಗ ಅಕ್ಕ ಕೇಳಿದಳು: "ಇದರಲ್ಲಿ ಫಿಸಿಕ್ಸ್ ಎಲ್ಲಿ ಬಂತು?"

ನಾನು ಟಾರ್ಪಾಲು ಬಿಗಿಯುತ್ತಿರುವಾಗಲೇ ಶೆಡ್ಡಿನೊಳಗೆ ಹ್ಯಾಲೊಜನ್‌ಗಳು ಮತ್ತೆ ಹೊತ್ತಿಕೊಂಡವು. ಹಿಂದೆಯೇ ಅಜೆಕಾರಿನವನ ಸ್ವರ ಕೇಳಿಸಿತು: "ನನ್ನದರಲ್ಲೂ ಜಾಸ್ತಿ ಬಂದರೆ ನೀವೇ ಇಟ್ಕೊಳ್ಳಿ, ಆಗ್ತದಲ್ವಾ?"

ದೀಪ ತಟ್ಟನೆ ಆರಿತು.